ಹೊಲದ ಉಳಿಕೆಯೂ ಹುದುಗಿನ ಆಹಾರವೂ

‘ಹುದುಗು’ ಎಂಬ ಕನ್ನಡ ಮಾತಿಗೆ ಅಡಗಿರುವುದೆಂಬ ಅರ್ಥವೂ, ಹಿಟ್ಟನ್ನು ಹುಳಿಗೊಳಿಸುವ ವಸ್ತುವೆಂಬ ಅರ್ಥವೂ ಉಂಟು. ಇಂದು ಎಂಜೈಮಿಗೆ ಸಲ್ಲುತ್ತಿರುವ ‘ಕಿಣ್ವ’ವೆಂಬ ಸಂಸ್ಕೃತ ಪದವು ಮೊದಲು ಈ ಎರಡನೆಯ ಅರ್ಥದಲ್ಲಿಯೇ ಇದ್ದಿತು. ಕೌಟಿಲ್ಯನ ಅರ್ಥಶಾಸ್ತ್ರವು ಸುರಾಧ್ಯಕ್ಷನ ಪ್ರಕರಣದಲ್ಲಿ ಕಿಣ್ವವನ್ನು ಕಟ್ಟುವ ಕ್ರಮವನ್ನು ಹೇಳುತ್ತ ಉದ್ದಿನೊಡನೆ ಅಕ್ಕಿಯನ್ನು ಕೂಡಿಸುತ್ತದೆ. ಈ ಜೋಡಣೆಯು ವಿಚಾರಾರ್ಹವಾದುದು. ಅಕ್ಕಿಯ ಪಿಷ್ಟದಿಂದ ಸೂಕ್ಷ್ಮಜೀವಿಗಳಿಗೆ ಇಂಗಾಲವೂ ಶಕ್ತಿಯೂ, ಉದ್ದಿನಿಂದ ಸಾರಜನಕವೂ ದೊರೆಯುತ್ತವೆ. ಇವೆರಡೂ ತಕ್ಕ ಪ್ರಮಾಣದಲ್ಲಿಲ್ಲದೆ ಹುದುಗು ಏಳದು.

ಔಷಧ, ಆಮ್ಲ, ಎಂಜೈಮುಗಳನ್ನು ಹುದುಗಿಸಿ ಪಡೆಯುವ ಕಾರ್ಖಾನೆಗಳಿಗೂ ಇದೇ ನಿಯಮ. ಶುದ್ಧವಾದ ಗ್ಲೂಕೋಸು, ಪೆಪ್ಟೋನುಗಳು ದುಬಾರಿಯಾದುದರಿಂದ ಬೆಳೆಯ ಉಳಿಕೆಗಳನ್ನು ಅರಸಬೇಕಾಯಿತು. ಇದಕ್ಕೆ ಪೆನಿಸಿಲಿನ್ನಿನ ಚರಿತ್ರೆಯೇ ನಿದರ್ಶನ. 1941ರಲ್ಲಿ ಫ್ಲೋರಿ, ಹೀಟ್ಲೀ ಎಂಬವರು ಇಂಗ್ಲೆಂಡಿನಿಂದ ಅಮೆರಿಕೆಯ ಪಿಯೋರಿಯದ ಸಂಶೋಧನಾಲಯಕ್ಕೆ ಬಂದರು. ಗೋವಿನಜೋಳದಿಂದ ಪಿಷ್ಟ ತೆಗೆಯುವ ಮುನ್ನ ಕಾಳನ್ನು ನೆನೆಯಿಟ್ಟ ನೀರನ್ನು ಅಲ್ಲಿನ ಮೋಯರ್ ಎಂಬಾತನು ಬೂಷ್ಟಿಗೆ ಆಹಾರವಾಗಿ ಕೊಡಲು, ಇಳುವರಿಯು ಸುಮಾರು ಹತ್ತುಮಡಿಯಾಯಿತು. ಆ ನೀರು ಅಗ್ಗದ ಸಾರಜನಕ ಮಾತ್ರವಾಗಿರದೆ, ಪೆನಿಸಿಲಿನ್ನಿನ ಅಣುವನ್ನು ಕಟ್ಟಲು ಬೇಕಾದ ದ್ರವ್ಯಗಳನ್ನೂ ಒಳಗೊಂಡಿತ್ತು.

ಈ ದೃಷ್ಟಿಯಿಂದ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂತಹ ಊರನ್ನು ನೋಡಬಹುದು. ಜೋಳ, ಶೇಂಗಾ, ಹತ್ತಿ, ಗೋವಿನಜೋಳಗಳ ಈ ಸೀಮೆಯಲ್ಲಿ ಉಳಿಕೆಗಳಿಗೆ ಕೊರತೆಯಿಲ್ಲ. ಎಣ್ಣೆ ತೆಗೆದ ಶೇಂಗಾಹಿಂಡಿಯಲ್ಲಿ ನೂರಕ್ಕೆ ಸುಮಾರು 7 ಪಾಲು ಸಾರಜನಕವಿರುವುದು. ಜೋಳದ ಕಣಿಕೆಯಲ್ಲಿ ಅದು ಒಂದು ಪಾಲಿಗೂ ಕಡಿಮೆ, ಇಂಗಾಲವಾದರೋ ಹೇರಳ. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲುದು.

ಆದರೆ ಎರಡು ತೊಡಕುಗಳುಂಟು. ಮೊದಲನೆಯದು ವಸ್ತುವಿನ ಸ್ವಭಾವ. ಶೇಂಗಾಸಿಪ್ಪೆ, ಹತ್ತಿಕಟ್ಟಿಗೆಗಳಲ್ಲಿ ಸಕ್ಕರೆಯ ಮೂಲವಾದ ಸೆಲ್ಯುಲೋಸು ಲಿಗ್ನಿನ್ನಿನ ಕವಚದಲ್ಲಿ ಸಿಕ್ಕಿಕೊಂಡಿದೆ. ಅದನ್ನು ಆಮ್ಲ, ಕ್ಷಾರ, ಉಗಿ ಅಥವಾ ಎಂಜೈಮುಗಳಿಂದ ಬಿಡಿಸಬೇಕು. ಅಗ್ಗದ ವಸ್ತುವಿನ ಲಾಭವು ಈ ವೆಚ್ಚದಲ್ಲಿ ಕರಗಿಹೋಗಬಹುದು. ತವುಡು ಇಷ್ಟು ಕಠಿಣವಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯದವರು 1980ರ ದಶಕದಲ್ಲಿ ತೇವಗೊಳಿಸಿದ ಗೋಧಿಯ ತವುಡಿನ ಮೇಲೆಯೇ ಶಿಲೀಂಧ್ರವನ್ನು ಬೆಳೆಸಿ, ಸಸ್ಯವರ್ಧಕವಾದ ಜಿಬ್ಬರೆಲಿಕ್ ಆಮ್ಲವನ್ನು ಪಡೆದರು.

ಎರಡನೆಯ ತೊಡಕು ಇನ್ನೂ ಗಹನವಾದುದು. ಕಾರ್ಖಾನೆಯ ಲೆಕ್ಕದಲ್ಲಿ ಉಳಿಕೆಯೆನಿಸಿದುದು ಒಕ್ಕಲಿಗನ ಲೆಕ್ಕದಲ್ಲಿ ಹಾಗಲ್ಲ. ಕಣಿಕೆಯು ಎತ್ತಿನ ಮೇವು. ಹಿಂಡಿಯು ಹಯನಿನ ಆಹಾರ. ಹತ್ತಿಕಟ್ಟಿಗೆಯು ಒಲೆಯ ಉರುವಲು. ಮಳೆ ತಪ್ಪಿದ ವರ್ಷದಲ್ಲಿ ಕಣಿಕೆಯ ಬಣವೆಯೇ ಮನೆಯ ದನಗಳ ಪ್ರಾಣ. ಆದಕಾರಣ ಉಳಿಕೆಯ ಬೆಲೆಯನ್ನು ಪೇಟೆಯ ಧಾರಣೆಯಿಂದಷ್ಟೇ ಅಳೆಯದೆ, ಅದನ್ನು ಒಯ್ದರೆ ಊರಿನಲ್ಲಿ ಯಾವುದಕ್ಕೆ ಕೊರತೆಯಾಗುವುದೆಂಬುದರಿಂದಲೂ ಅಳೆಯುವುದು ಯುಕ್ತ. ಮೇವಾಗದ ಸಿಪ್ಪೆ, ಕಾಳು ಬಿಡಿಸಿದ ತೆನೆಯ ದಿಂಡು ಮೊದಲಾದವನ್ನು ಮುಂದಾಗಿ ಆರಿಸಿ, ಹುದುಗಿಸಿ ಮಿಕ್ಕ ನಿರಪಾಯಕರವಾದ ಗಸಿಯನ್ನು ಗೊಬ್ಬರವಾಗಿ ಹೊಲಕ್ಕೆ ಮರಳಿಸಿದಲ್ಲಿ, ಕಾರ್ಖಾನೆಯ ಲಾಭಕ್ಕೆ ಭೂಮಿಯೂ ದನವೂ ಬೆಲೆ ತೆರಬೇಕಾಗದು.