ಐರ್ಲೆಂಡಿನ ಪ್ರಾಥಮಿಕೋಪಾಧ್ಯಾಯರ ಭಾಷಾಧಿಕಾರ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ನಮ್ಮ ಪ್ರಾಚೀನರ ಪದ್ಧತಿ. ಇವುಗಳಲ್ಲಿ ಅಧಿಕಾರಿಯ ವಿಚಾರವು ಕಲಿಯುವವನಿಗೆ ಹೇಗೋ ಕಲಿಸುವವನಿಗೂ ಹಾಗೆಯೇ ಸಲ್ಲತಕ್ಕದ್ದು. ಐರ್ಲೆಂಡು ದೇಶದಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಬಯಸುವವನು ಐರಿಷ್ ಭಾಷೆಯಲ್ಲಿ ನಿಯತವಾದ ಶ್ರೇಣಿಯನ್ನು ಪಡೆದಿರಬೇಕೆಂಬ ವಿಧಿಯುಂಟು. ಅದನ್ನು ಪಡೆಯದವನಿಗೆ ಮಾರ್ಗಾಂತರಗಳುಂಟೆ? ಉಂಟಾದರೆ ಅವುಗಳಿಂದ ವಿಧಿಯು ಶಿಥಿಲವಾಗುವುದೆ? ಇವೆರಡೂ ಇಲ್ಲಿ ವಿಚಾರಣೀಯ.

ಮೊದಲು ವಿಧಿಯ ಸ್ವರೂಪವನ್ನು ನೋಡೋಣ. ೧೯೨೨ನೆಯ ಇಸವಿ ಮಾರ್ಚ್ ೧೭ರಿಂದ ಆ ದೇಶದ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಒಂದು ಗಂಟೆಗೆ ಕಡಮೆಯಿಲ್ಲದಂತೆ ಐರಿಷ್ ಪಾಠವು ನಡೆಯಬೇಕೆಂದು ಹೊಸ ಸರ್ಕಾರವು ಗೊತ್ತುಮಾಡಿತು. ೧೯೩೭ರ ರಾಜ್ಯಾಂಗವು ಅದನ್ನು ರಾಷ್ಟ್ರಭಾಷೆಯೆಂದೂ ಪ್ರಥಮ ಅಧಿಕೃತ ಭಾಷೆಯೆಂದೂ ಅಂಗೀಕರಿಸಿತು. ಪ್ರಾಥಮಿಕ ಶಾಲೆಯಲ್ಲಿ ಒಂದು ತರಗತಿಗೆ ಸಾಮಾನ್ಯವಾಗಿ ಒಬ್ಬನೇ ಉಪಾಧ್ಯಾಯನು. ಗಣಿತವನ್ನು ಹೇಳುವವನೇ ಐರಿಷನ್ನೂ ಹೇಳಬೇಕು. ಪ್ರೌಢಶಾಲೆಯ ಗಣಿತಾಧ್ಯಾಪಕನಿಗೆ ಸಾಮಾನ್ಯವಾಗಿ ಇಲ್ಲದ ಈ ನಿಯಮವು ಪ್ರಾಥಮಿಕೋಪಾಧ್ಯಾಯನಿಗೆ ಮಾತ್ರ ಏತಕ್ಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶಾಲಾಶಿಕ್ಷಣದ ಅಂತ್ಯದಲ್ಲಿ ನಡೆಯುವ ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಯ ಉನ್ನತ ಸ್ತರದಲ್ಲಿ ‘ಎಚ್ ೪’ ಶ್ರೇಣಿಯನ್ನು, ಎಂದರೆ ನೂರಕ್ಕೆ ೬೦ಕ್ಕೆ ಕಡಮೆಯಿಲ್ಲದ ಅಂಕಗಳನ್ನು ಪಡೆದಿರಬೇಕೆಂಬುದು ಈಗಿನ ನಿಯಮ. ೨೦೧೯ಕ್ಕೆ ಮೊದಲು ಇದಕ್ಕಿಂತ ಕೆಳಗಿನ ಶ್ರೇಣಿಯೇ ಸಾಕಾಗಿತ್ತು.

ಈ ಶ್ರೇಣಿಯು ದೊರೆಯದವನಿಗೆ ಮುಖ್ಯವಾಗಿ ಮೂರು ಮಾರ್ಗಗಳು ಕಂಡುಬರುತ್ತವೆ. ಐರಿಷ್ ವಿಷಯದ ಪರೀಕ್ಷೆಗೆ ಮತ್ತೊಮ್ಮೆ ಕುಳಿತು ಶ್ರೇಣಿಯನ್ನು ಸಂಪಾದಿಸುವುದು ಮೊದಲನೆಯದು. ಬೇರೆ ವಿಷಯದಲ್ಲಿ ಪದವಿಯನ್ನು ಪಡೆದು, ಅನಂತರ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣಕ್ರಮಕ್ಕೆ ಸೇರುವುದು ಎರಡನೆಯದು. ಇಲ್ಲಿ ಶಾಲೆಯ ಶ್ರೇಣಿಗೆ ಸಮಾನವಾಗಿ, ಮೇನೂತ್ ವಿಶ್ವವಿದ್ಯಾನಿಲಯವು ನಡೆಸುವ ಟಿ.ಇ.ಜಿ. ಎಂಬ ಭಾಷಾಪರೀಕ್ಷೆಯ ‘ಬಿ ೧’ ಸ್ತರದಲ್ಲಿ ನಿಗದಿಯಾದ ಅಂಕಗಳನ್ನು ಗಳಿಸಿದರೂ ಮಾನ್ಯತೆಯುಂಟು. ಆದರೆ ಐರಿಷ್ ಭಾಷೆಯಲ್ಲಿ ಮೌಖಿಕ ಪರೀಕ್ಷೆಯು ತಪ್ಪದು. ಇಂಗ್ಲೆಂಡು, ಉತ್ತರ ಐರ್ಲೆಂಡು ಮುಂತಾದ ಕಡೆ ಶಿಕ್ಷಣವನ್ನು ಪಡೆದು ಹಿಂದಿರುಗುವುದು ಮೂರನೆಯದು. ಅಂಥವನನ್ನು ಅಲ್ಲಿಯ ಉಪಾಧ್ಯಾಯ ಪರಿಷತ್ತು ಷರತ್ತಿನ ಮೇಲೆ ದಾಖಲುಮಾಡಿಕೊಳ್ಳುತ್ತದೆ. ಅವನು ಗೊತ್ತಾದ ಅವಧಿಯೊಳಗೆ ‘ಎಸ್.ಸಿ.ಜಿ.’ ಎಂಬ ಐರಿಷ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಇಲ್ಲವೆ ಅದಕ್ಕೆ ಬದಲಾಗಿ ವಿಹಿತವಾದ ಅಭ್ಯಾಸಕ್ರಮವನ್ನು ಪೂರೈಸಬೇಕು.

ವೈಯಾಕರಣರು ಉತ್ಸರ್ಗ, ಅಪವಾದ, ವಿಕಲ್ಪಗಳೆಂದು ಭೇದವನ್ನು ಮಾಡುತ್ತಾರೆ. ಸಾಮಾನ್ಯವಿಧಿಯನ್ನು ಒಂದೆಡೆ ಬಾಧಿಸುವುದು ಅಪವಾದ. ಒಂದೇ ಫಲಕ್ಕೆ ಎರಡು ದಾರಿಗಳನ್ನು ಒಪ್ಪುವುದು ವಿಕಲ್ಪ. ಮೇಲಣ ಮೂರು ಮಾರ್ಗಗಳೂ ವಿಕಲ್ಪಗಳೇ. ಕಾಲವೂ ಪರೀಕ್ಷಕರೂ ಬದಲಾಗಬಹುದು, ಭಾಷಾಜ್ಞಾನವು ಮಾತ್ರ ಎಲ್ಲೆಡೆಯೂ ಅಪೇಕ್ಷಿತ. ನಿಜವಾದ ಅಪವಾದವೊಂದು ಅಲ್ಲಿಯ ಶಾಲೆಗಳಲ್ಲಿದೆ: ಕೆಲವು ಕಾರಣಗಳಿಂದ ವಿದ್ಯಾರ್ಥಿಗೆ ಐರಿಷ್ ವ್ಯಾಸಂಗದಿಂದ ವಿನಾಯಿತಿಯನ್ನು ಕೊಡುವುದುಂಟು. ಆದರೆ ಕಲಿಯುವವನಿಗೆ ದೊರೆತ ಈ ವಿನಾಯಿತಿಯು ಕಲಿಸುವವನಾಗುವಾಗ ಅನುವರ್ತಿಸುವುದಿಲ್ಲ. ಇದನ್ನರಿಯದೆ ಮುನ್ನಡೆದವರಿಗೆ ಆಶಾಭಂಗವು ಖಂಡಿತ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಉಪಾಧ್ಯಾಯರ ಅಭಾವವುಳ್ಳ ಕಾಲದಲ್ಲಿ, ಮಕ್ಕಳಲ್ಲಿ ಪ್ರೀತಿಯೂ ಇತರ ವಿಷಯಗಳಲ್ಲಿ ಪಾಂಡಿತ್ಯವೂ ಉಳ್ಳವನನ್ನು ಒಂದು ಭಾಷೆಯ ನಿಮಿತ್ತವಾಗಿ ಹೊರಗಿಡುವುದು ನ್ಯಾಯವೆ? ೨೦೨೨ರ ಜನಗಣತಿಯಲ್ಲಿ ಐರಿಷ್ ಬರುವುದೆಂದವರು ೧೮,೭೩,೯೯೭ ಮಂದಿ. ಶಾಲೆಯ ಹೊರಗೆ ದಿನವೂ ಅದನ್ನಾಡುವವರು ೭೧,೯೬೮ ಮಂದಿ ಮಾತ್ರ. ಇಷ್ಟು ವಿರಳವಾದ ಬಳಕೆಗೆ ಇಷ್ಟು ಬಿಗಿಯಾದ ನಿಯಮವೇಕೆ?

ಇದಕ್ಕೆ ಸಮಾಧಾನವು ಆ ಸಂಖ್ಯೆಗಳಲ್ಲಿಯೇ ಇದೆ. ಮನೆಯಲ್ಲಿಯೂ ಬೀದಿಯಲ್ಲಿಯೂ ಭಾಷೆಯು ಕಿವಿಗೆ ಬೀಳದಿದ್ದಾಗ ಬಹುಮಂದಿ ಮಕ್ಕಳಿಗೆ ಉಪಾಧ್ಯಾಯನ ಬಾಯಿಯೇ ಅದರ ಏಕಮಾತ್ರ ಆಕರ. ಅಲ್ಲಿ ಉಚ್ಚಾರವು ಕೆಟ್ಟರೆ ತಿದ್ದುವವರಿಲ್ಲ. ೧೯೮೯ರಲ್ಲಿ ಯೂರೋಪಿನ ನ್ಯಾಯಸ್ಥಾನವು ಐರ್ಲೆಂಡಿನ ಚಿತ್ರಕಲೆಯ ಅಧ್ಯಾಪಕ ಹುದ್ದೆಯೊಂದರ ವಿಷಯದಲ್ಲಿಯೂ, ಉದ್ದೇಶಕ್ಕೆ ತಕ್ಕಷ್ಟೇ ಆಗಿದ್ದು ಪಕ್ಷಪಾತವಿಲ್ಲದಿದ್ದರೆ, ಭಾಷಾನಿಯಮವು ಯುಕ್ತವೆಂದು ನಿರ್ಣಯಿಸಿತು. ಭಾಷೆಯನ್ನೇ ಕಲಿಸಬೇಕಾದವನ ವಿಷಯದಲ್ಲಿ ಹೇಳತಕ್ಕದ್ದೇನು?

ಆದರೂ ಒಂದು ಮಾತು. ಹದಿನೆಂಟನೆಯ ವಯಸ್ಸಿನ ಒಂದು ಪರೀಕ್ಷೆಯು ಮನುಷ್ಯನ ಯೋಗ್ಯತೆಗೆ ಕೊನೆಯ ಪ್ರಮಾಣವಾಗಲಾರದು. ತಡವಾಗಿ ಕಲಿತವನ ವಿದ್ಯೆಯೂ ವಿದ್ಯೆಯೇ. ಈ ದೃಷ್ಟಿಯಿಂದ ಮೊದಲೆರಡು ಮಾರ್ಗಗಳು ಶ್ಲಾಘ್ಯವಾಗಿವೆ. ಮೂರನೆಯದರಲ್ಲಿ ಅಧಿಕಾರವು ಸಿದ್ಧಿಸುವುದಕ್ಕೆ ಮೊದಲೇ ಅಧ್ಯಾಪನವು ಆರಂಭವಾಗಬಹುದಾದ ಕಾರಣ ಕ್ರಮವ್ಯತ್ಯಾಸವಿದೆ. ಉಪಾಧ್ಯಾಯನಿಗೆ ಅದು ಅನುಗ್ರಹದ ಅವಧಿ. ಅವನ ಎದುರಿಗೆ ಕುಳಿತ ಬಾಲಕನಿಗಾದರೋ ಕಳೆದ ವರ್ಷವು ಮರಳಿ ಬಾರದು. ಆದಕಾರಣ ಆ ಅವಧಿಯನ್ನು ಆದಷ್ಟು ಸಂಕ್ಷೇಪಿಸುವುದೇ ಉಚಿತವೆಂದು ನಮಗೆ ತೋರುತ್ತದೆ.