ನಿಮಗಿದು ಗೊತ್ತೆ? ಅಳಿದ ತೋಳ, ಮೇಲುಕೋಟೆ ತೋಳ

10,000 ವರ್ಷಗಳಿಗೂ ಹಿಂದೆ ಅಳಿದ ‘ಡೈರ್ ವುಲ್ಫ್’ ತೋಳವನ್ನು ಮತ್ತೆ ಹುಟ್ಟಿಸಿದ್ದೇವೆ ಎಂದು ಅಮೆರಿಕದ ಕೊಲೊಸಲ್ ಕಂಪನಿ 2025ರ ಏಪ್ರಿಲ್‌ನಲ್ಲಿ ಹೇಳಿತು. ಹಳೆಯ ಹಲ್ಲು, ತಲೆಬುರುಡೆಯ ಡಿಎನ್‌ಎ ಓದಿ, ಬೂದು ತೋಳದ ಜೀವಕೋಶದ 14 ಜೀನ್‌ಗಳಲ್ಲಿ 20 ತಿದ್ದುಪಡಿ ಮಾಡಿದ್ದರು. ಭ್ರೂಣ ಹೊತ್ತು ಬಿಳಿ ತುಪ್ಪಳದ ಮೂರು ಮರಿ ಹೆತ್ತದ್ದು ಸಾಕುನಾಯಿಗಳು. ಇವು ತಿದ್ದಿದ ಬೂದು ತೋಳಗಳೇ ಹೊರತು ಅಳಿದ ಜೀವಿಯಲ್ಲ ಎಂದು ಹಲವು ವಿಜ್ಞಾನಿಗಳು ತಕರಾರು ತೆಗೆದರು. ಆ ಮಾತೇ ಸರಿ.

ಅದೇ ಬೂದು ತೋಳದ ಭಾರತೀಯ ಬಳಗ ನಮ್ಮ ಬೂಕನಕೆರೆ ಸೀಮೆಯದೂ ಹೌದು. ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳ ಕುರುಚಲು ಕಾಡಿನಲ್ಲಿ ಹರಡಿರುವ 49.82 ಚದರ ಕಿ.ಮೀ. ವಿಸ್ತೀರ್ಣದ ಮೇಲುಕೋಟೆ ವನ್ಯಧಾಮವನ್ನು 1974ರಲ್ಲಿ ಘೋಷಿಸಿದ್ದೇ ಮುಖ್ಯವಾಗಿ ತೋಳಗಳ ರಕ್ಷಣೆಗೆ.