ತೊಗರಿ ಹೊಲದ ಕರಾರು, ಸಾವಿರ ಕಂಪ್ಯೂಟರಿನ ಲೆಕ್ಕ

ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆ ಮಳೆಯನ್ನೇ ನಂಬಿ ತೊಗರಿ ಬಿತ್ತುವ ರೈತರು ಬೆಳೆ ವಿಮೆ ಕಟ್ಟುತ್ತಾರೆ. ಮಳೆ ಕೈಕೊಟ್ಟರೆ ಪರಿಹಾರ ಎಷ್ಟು, ಯಾವಾಗ ಎಂಬುದು ಬ್ಯಾಂಕು, ಕಂಪನಿ, ಕಚೇರಿಗಳ ನಡುವೆ ತೀರ್ಮಾನವಾಗಬೇಕು. ಆ ತೀರ್ಮಾನವನ್ನೇ ಒಂದು ಪ್ರೋಗ್ರಾಮಿಗೆ ಒಪ್ಪಿಸಿದರೆ ಹೇಗೆ? ‘ಜುಲೈ ಮಳೆ ಇಷ್ಟು ಮಿಲಿಮೀಟರಿಗಿಂತ ಕಡಿಮೆಯಾದರೆ ಗುಂಟೆಗೆ ಇಷ್ಟು ರೂಪಾಯಿ’ ಎಂದು ಮೊದಲೇ ಬರೆದು, ಆಮೇಲೆ ಯಾರೂ ಗುಟ್ಟಾಗಿ ತಿದ್ದಲಾಗದಂತೆ ಬ್ಲಾಕ್‌ಚೈನಿನಲ್ಲಿ ಇಟ್ಟ ಪ್ರೋಗ್ರಾಮಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಎನ್ನುತ್ತಾರೆ. ಕೀನ್ಯಾದ ಸಣ್ಣ ರೈತರಿಗೆ ಎಥೆರಿಸ್ಕ್ ಮತ್ತು ಏಕರ್ ಆಫ್ರಿಕಾ ಸಂಸ್ಥೆಗಳು ಇಂಥ ವಿಮೆ ಕೊಟ್ಟಿವೆ. ನಮ್ಮಲ್ಲಿ ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರುಮಾಡಿತು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ತೆರೆಯಿತು.

ಕರಾರಿನ ಬಗ್ಗೆ ಮಾತು ಸಾಕಷ್ಟು ಆಗಿದೆ. ಅದನ್ನು ಓಡಿಸುವ ಯಂತ್ರದ ಬಗ್ಗೆ ಕನ್ನಡದಲ್ಲಿ ಹೆಚ್ಚು ಹೇಳಿದ್ದನ್ನು ನಾನು ಕಂಡಿಲ್ಲ. ಆ ಯಂತ್ರದ ಕಥೆ ಕರಾರಿಗಿಂತಲೂ ಸೊಗಸಾಗಿದೆ ಎಂಬುದು ನನ್ನ ಅಭಿಪ್ರಾಯ.

ಬ್ಲಾಕ್‌ಚೈನ್ ಎಂದರೆ ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕದ ಪುಸ್ತಕವನ್ನು ತಮ್ಮ ತಮ್ಮಲ್ಲಿ ಇಟ್ಟುಕೊಳ್ಳುವ ಏರ್ಪಾಡು. ಒಂದರಲ್ಲಿ ಇಂಟೆಲ್ ಚಿಪ್, ಇನ್ನೊಂದರಲ್ಲಿ ಎಆರ್‌ಎಂ. ಒಂದರ ತಂತ್ರಾಂಶ ಗೋ ಭಾಷೆಯಲ್ಲಿ, ಇನ್ನೊಂದರದು ರಸ್ಟ್‌ನಲ್ಲಿ. ನಮ್ಮ ತೊಗರಿ ಕರಾರನ್ನು ಇವೆಲ್ಲವೂ ಓಡಿಸಿ, ಕೊನೆಯ ಅಂಕಿಯವರೆಗೂ ಒಂದೇ ಉತ್ತರಕ್ಕೆ ಬರಬೇಕು. ಒಂದು ಪೈಸೆ ಹೆಚ್ಚುಕಡಿಮೆಯಾದರೂ ಪುಸ್ತಕ ಎರಡಾಗುತ್ತದೆ. ಆದ್ದರಿಂದ ಯಾವ ಚಿಪ್ಪಿಗೂ ಸೇರದ, ಕಾಗದದ ಮೇಲೆ ನಿಯಮಗಳಿಂದ ಕಟ್ಟಿದ ಒಂದು ಯಂತ್ರವನ್ನು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಅದೇ ವರ್ಚುವಲ್ ಮಷೀನ್. ಹೆಚ್ಚು ಬಳಕೆಯಲ್ಲಿರುವುದು ಎಥೀರಿಯಂ ಎಂಬ ಬ್ಲಾಕ್‌ಚೈನಿನ ಯಂತ್ರ. ಅದರ ನಿಯಮಗಳನ್ನು ಎಥೀರಿಯಂ ಸ್ಥಾಪಕರಲ್ಲೊಬ್ಬರಾದ ಗ್ಯಾವಿನ್ ವುಡ್ 2014ರಲ್ಲಿ ಗಣಿತದ ಭಾಷೆಯಲ್ಲಿ ಬರೆದರು. 2015ರ ಜುಲೈ 30ರಂದು ಜಾಲ ಚಾಲೂ ಆಯಿತು.

ಒಂದೇ ಉತ್ತರ ಎನ್ನುವುದು ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಯೋಚಿಸುವಾಗ ಸೇಡಂ ತಾಲೂಕಿನ ಮಳಖೇಡದ ನೆನಪಾಗುತ್ತದೆ. ರಾಷ್ಟ್ರಕೂಟರ ಆ ರಾಜಧಾನಿಯಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂಬುದು ಅವನ ನಿಲುವು. ಇಂದಿನ ಗಣಿತ ಈ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ. ಎಥೀರಿಯಂ ಯಂತ್ರದ ಉತ್ತರ: ಸೊನ್ನೆ. ಗಣಿತದ ದೃಷ್ಟಿಯಿಂದ ಅದು ಸರಿಯೇ ಎಂಬ ಪ್ರಶ್ನೆ ಯಂತ್ರ ಕಟ್ಟುವವರಿಗೆ ಮುಖ್ಯವಲ್ಲ. ಭಾಗಾಕಾರವನ್ನು ಚಿಪ್ಪಿನ ಇಷ್ಟಕ್ಕೆ ಬಿಟ್ಟರೆ ಒಂದು ನಿಂತುಹೋಗುತ್ತದೆ, ಇನ್ನೊಂದು ಏನೋ ಒಂದು ಸಂಖ್ಯೆ ಕೊಡುತ್ತದೆ, ಅದು ಆಗಕೂಡದು. ಇದೇ ಕಾರಣಕ್ಕೆ ಈ ಯಂತ್ರದಲ್ಲಿ ದಶಮಾಂಶ ಸಂಖ್ಯೆಗಳೇ ಇಲ್ಲ. ಎರಡೂವರೆ ಎಕರೆ ಎಂದು ಬರೆಯಲಾಗದು, 100 ಗುಂಟೆ ಎಂದು ಬರೆಯಬೇಕು.

ಒಳಗೆ ಅದು ಕೆಲಸ ಮಾಡುವ ಬಗೆ ಸರಳ. ಪ್ರತಿ ಆದೇಶಕ್ಕೂ ಒಂದು ಬೈಟಿನ ಸಂಕೇತವಿದೆ: 1 ಎಂದರೆ ಕೂಡು, 2 ಎಂದರೆ ಗುಣಿಸು, 16 ಎಂದರೆ ಕಡಿಮೆಯೇ ನೋಡು. ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸುವ ಸ್ಟ್ಯಾಕ್ ಇದೆ, ಅದರ ಎತ್ತರ 1,024. ಮೊದಲು ಕರಾರಿನ ಮಿತಿ, ಆಮೇಲೆ ಬಿದ್ದ ಮಳೆಯ ಅಂಕಿ ಪೇರಿಸಿ 16 ಎಂದರೆ, ಆ ಎರಡೂ ಹೋಗಿ ಅವುಗಳ ಜಾಗದಲ್ಲಿ 1 ಅಥವಾ 0 ಕೂರುತ್ತದೆ. 1 ಬಂದರೆ ಪರಿಹಾರ ಕೊಡುವ ಭಾಗಕ್ಕೆ ನೆಗೆತ. ಪ್ರತಿ ಸಂಖ್ಯೆಯೂ 256 ಬಿಟ್ ಅಗಲ. ನಮ್ಮ ಕಂಪ್ಯೂಟರುಗಳ ಚಿಪ್ 64 ಬಿಟ್ಟಿನದು. ಹಾಗಾಗಿ ಒಂದು ಸಣ್ಣ ಕೂಡುವಿಕೆಗೂ ನಾಲ್ಕು ತುಂಡು ಮಾಡಿ, ದಶಕ ಒಯ್ದು ಕೂಡಬೇಕು.

ಕೊನೆಯಿಲ್ಲದೆ ಸುತ್ತುವ ಪ್ರೋಗ್ರಾಮನ್ನು ಯಾರಾದರೂ ಇಟ್ಟರೆ ಜಾಲವೇ ನಿಲ್ಲುತ್ತದೆ. ಅದಕ್ಕೇ ಪ್ರತಿ ಆದೇಶಕ್ಕೂ ದರವಿದೆ, ಅದಕ್ಕೆ ಗ್ಯಾಸ್ ಎಂದು ಹೆಸರು. ಕೂಡಲು 3, ಗುಣಿಸಲು 5. ತಂದ ಗ್ಯಾಸ್ ಮುಗಿದರೆ ಕೆಲಸ ರದ್ದು. ಈ ದರಪಟ್ಟಿಯೇ ಯಂತ್ರದ ಪ್ರಾಣ. ಅದು ನಿಜವಾದ ಶ್ರಮಕ್ಕೆ ಹೊಂದದಿದ್ದರೆ ಏನಾಗುತ್ತದೆ ಎಂಬುದು 2016ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಬೇರೊಂದು ಕಾಂಟ್ರಾಕ್ಟಿನ ಉದ್ದ ಕೇಳುವ ಆದೇಶಕ್ಕೆ ಆಗ 20 ಗ್ಯಾಸ್ ಇತ್ತು. ಅದಕ್ಕೆ ಡಿಸ್ಕಿನಿಂದ ಓದಬೇಕು, ಅದು ನಿಧಾನದ ಕೆಲಸ. ದಾಳಿಕೋರರು ಒಂದೊಂದು ಬ್ಲಾಕಿನಲ್ಲಿ (ಪುಸ್ತಕಕ್ಕೆ ಒಮ್ಮೆಗೆ ಸೇರುವ ವ್ಯವಹಾರಗಳ ಕಂತು) ಸುಮಾರು 50,000 ಸಲ ಅದನ್ನೇ ಕೇಳಿದರು. ಒಂದು ಬ್ಲಾಕ್ ಪರಿಶೀಲಿಸಲು 20ರಿಂದ 60 ಸೆಕೆಂಡ್ ಹಿಡಿಯತೊಡಗಿತು. ಅಕ್ಟೋಬರ್ 18ರಂದು ಆ ದರವನ್ನು 700ಕ್ಕೆ ಏರಿಸಿದರು.

ಈಗ ನಮ್ಮ ಕರಾರಿಗೆ ಬರೋಣ. ಸಾವಿರ ರೈತರಿದ್ದಾರೆ, ಒಬ್ಬೊಬ್ಬರ ಜಮೀನಿನ ಗುಂಟೆ ಕಾಂಟ್ರಾಕ್ಟಿನ ಶಾಶ್ವತ ಸಂಗ್ರಹದಲ್ಲಿದೆ. ಮಳೆ ಕಡಿಮೆಯಾಯಿತು, ಸಾವಿರ ಸಲ ಸುತ್ತಿ ಎಲ್ಲರ ಪರಿಹಾರ ಬರೆಯಬೇಕು. 2021ರಿಂದ ಇರುವ ದರದಲ್ಲಿ ಸಂಗ್ರಹದ ಒಂದು ನಮೂದನ್ನು ಮೊದಲ ಸಲ ಓದಲು 2,100, ಅದೇ ವ್ಯವಹಾರದಲ್ಲಿ ಮತ್ತೆ ಓದಲು 100. ಗುಂಟೆಗೆ ಎಷ್ಟು ರೂಪಾಯಿ ಎಂಬ ದರವನ್ನು ಪ್ರತಿ ಸುತ್ತಿನಲ್ಲೂ ಸಂಗ್ರಹದಿಂದ ತಂದರೆ 1,02,000 ಗ್ಯಾಸ್. ಒಮ್ಮೆ ತಂದು ಸ್ಟ್ಯಾಕಿನಲ್ಲಿ ಇಟ್ಟುಕೊಂಡು ನಕಲು ಮಾಡುತ್ತಾ ಹೋದರೆ 5,100. ಒಂದು ಸಾಲು ಮೇಲಕ್ಕೆ ಸರಿಸಿದ್ದಕ್ಕೆ ಇಷ್ಟು ಉಳಿತಾಯ!

ಆದರೆ ದೊಡ್ಡ ಖರ್ಚು ಅಲ್ಲಿಲ್ಲ. ಪ್ರತಿ ರೈತನ ಗುಂಟೆ ಓದಲು 2,100, ಹೊಸ ನಮೂದು ಬರೆಯಲು 22,100. ಸಾವಿರ ಜನರಿಗೆ ಎರಡೂ ಸೇರಿ 2 ಕೋಟಿ 42 ಲಕ್ಷ. 2025ರ ಆರಂಭದವರೆಗೆ ಎಥೀರಿಯಂನ ಇಡೀ ಬ್ಲಾಕಿಗೆ ಇದ್ದ ಮಿತಿ 3 ಕೋಟಿ. ಗುಣಾಕಾರ ಸಾವಿರಕ್ಕೂ ಸೇರಿ 5,000 ಮಾತ್ರ. ಲೆಕ್ಕ ಅಗ್ಗ, ನೆನಪು ದುಬಾರಿ. ಅದು ನ್ಯಾಯವೇ ಹೌದು: ಬರೆದದ್ದನ್ನು ಸಾವಿರಾರು ಕಂಪ್ಯೂಟರುಗಳು ವರ್ಷಾನುಗಟ್ಟಲೆ ಹೊತ್ತುಕೊಂಡಿರಬೇಕು.

ಇಲ್ಲೊಂದು ಚಂದದ ದಾರಿಯಿದೆ. ಸಾವಿರ ರೈತರ ಪಟ್ಟಿಯನ್ನು ಹೊರಗೇ ಇಟ್ಟು, ಒಬ್ಬೊಬ್ಬರ ವಿವರಕ್ಕೂ ಹ್ಯಾಶ್ ಎಂಬ 32 ಬೈಟಿನ ಗುರುತು ತೆಗೆಯಬೇಕು. ಎರಡೆರಡು ಗುರುತು ಸೇರಿಸಿ ಮತ್ತೊಂದು, ಅವುಗಳಲ್ಲಿ ಎರಡೆರಡು ಸೇರಿಸಿ ಇನ್ನೊಂದು ಎನ್ನುತ್ತಾ ಹತ್ತು ಮೆಟ್ಟಿಲು ಏರಿದರೆ ತುದಿಯಲ್ಲಿ ಒಂದೇ ಗುರುತು ಉಳಿಯುತ್ತದೆ. ಕಾಂಟ್ರಾಕ್ಟಿನಲ್ಲಿ ಇಡುವುದು ಅದೊಂದನ್ನೇ. ರೈತ ತನ್ನ ವಿವರದ ಜೊತೆ ದಾರಿಯ ಹತ್ತು ಗುರುತು ಕೊಟ್ಟರೆ ಯಂತ್ರ ಮೊದಲು ಆ ವಿವರದ ಹ್ಯಾಶ್ ತೆಗೆದು, ಆಮೇಲೆ ಮೆಟ್ಟಿಲಿಗೊಂದರಂತೆ ಹತ್ತು ಹ್ಯಾಶ್ ಮಾಡಿ ತುದಿಗೆ ತಾಳೆ ನೋಡುತ್ತದೆ. ಮೆಟ್ಟಿಲಿನ ಹ್ಯಾಶ್ ಒಂದಕ್ಕೆ 42ರಂತೆ ಹತ್ತಕ್ಕೆ 420 ಗ್ಯಾಸ್. ‘ಹಣ ಪಡೆದಾಗಿದೆ’ ಎಂಬ ಗುರುತಿಗೆ ಒಬ್ಬರಿಗೆ ಒಂದು ಬಿಟ್ ಸಾಕು. 256 ಬಿಟ್ಟಿನ ನಾಲ್ಕು ನಮೂದುಗಳಲ್ಲಿ ಸಾವಿರ ಜನ ಹಿಡಿಯುತ್ತಾರೆ. ಪ್ರತಿ ಅರ್ಜಿಗೂ 21,000 ಗ್ಯಾಸ್‌ನ ಮೂಲ ಶುಲ್ಕ ಇರುವುದರಿಂದ ಒಟ್ಟು ಗ್ಯಾಸ್ ಅಷ್ಟೇನೂ ಇಳಿಯದು. ಹಣ ವರ್ಗಾಯಿಸುವ ಖರ್ಚೂ ಬೇರೆ. ಆದರೂ ಕರಾರು ಶಾಶ್ವತವಾಗಿ ಹೊರಿಸುವ ನಮೂದುಗಳು ಎರಡು ಸಾವಿರದಿಂದ ಐದಾರಕ್ಕೆ ಇಳಿಯುತ್ತವೆ. ಒಂದೇ ಬ್ಲಾಕಿನ ದೊಡ್ಡ ಪಾಲನ್ನು ನುಂಗುವುದೂ ತಪ್ಪುತ್ತದೆ.

ಯಂತ್ರವನ್ನೇ ಚುರುಕುಗೊಳಿಸುವವರ ಕೆಲಸ ಬೇರೆ. ಪ್ರತಿ ಆದೇಶಕ್ಕೂ ಗ್ಯಾಸ್ ಕಳೆಯುವ ಬದಲು ನೆಗೆತವಿಲ್ಲದ ಒಂದು ತುಂಡಿಗೆಲ್ಲ ಒಟ್ಟಿಗೆ ಕಳೆಯುವುದು ಒಂದು ಉಪಾಯ. ಪದೇ ಪದೇ ಓಡುವ ಕಾಂಟ್ರಾಕ್ಟನ್ನು ಚಿಪ್ಪಿನದೇ ಭಾಷೆಗೆ ತಿರುಗಿಸುವುದು ಇನ್ನೊಂದು. ಆದರೆ ಆ ತಿರುಗಿಸುವಿಕೆಗೇ ವಿಪರೀತ ಸಮಯ ತಿನ್ನುವಂಥ ಕೋಡನ್ನು ಕಿಡಿಗೇಡಿಗಳು ಬರೆಯಬಹುದು, ಅದಕ್ಕೆ ಮಿತಿ ಬೇಕು. ಮೂರನೆಯದು ಸಮಾಂತರ ಓಟ: ಒಂದೇ ನಮೂದನ್ನು ಮುಟ್ಟದ ವ್ಯವಹಾರಗಳನ್ನು ಒಟ್ಟಿಗೇ ಓಡಿಸಿ, ಡಿಕ್ಕಿಯಾದರೆ ಮಾತ್ರ ಮತ್ತೆ ಓಡಿಸುವುದು. ಇಲ್ಲಿ ನಮ್ಮ ಜಾಣತನವೇ ಅಡ್ಡ ಬರುತ್ತದೆ ನೋಡಿ. 256 ರೈತರನ್ನು ಒಂದೇ ನಮೂದಿನಲ್ಲಿ ತುಂಬಿದೆವಲ್ಲ, ಅವರ ಅರ್ಜಿಗಳು ಈಗ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಜಾಗ ಉಳಿಸಿದರೆ ಸಮಾಂತರ ಓಟ ಕೆಡುತ್ತದೆ. ಯಾವುದು ಬೇಕೆಂದು ಕರಾರು ಬರೆಯುವವರೇ ತೂಗಿ ನೋಡಬೇಕು.

ಯಂತ್ರದೊಳಗಿನ ಸಣ್ಣ ತಪ್ಪೂ ಜಾಲವನ್ನು ಒಡೆಯಬಲ್ಲದು. ಗೆಥ್ ಎಂಬ ಜನಪ್ರಿಯ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ, ದತ್ತಾಂಶವನ್ನು ಪೂರ್ತಿ ನಕಲು ಮಾಡಬೇಕಾದ ಒಂದು ಕಡೆ ಅದೇ ನೆನಪಿನ ಜಾಗಕ್ಕೆ ಬರೇ ಬೊಟ್ಟು ಮಾಡಲಾಗಿತ್ತು. ಆಮೇಲೆ ಮೂಲ ಬದಲಾದರೆ ನಕಲೂ ಬದಲಾಗುತ್ತಿತ್ತು. 2020ರ ನವೆಂಬರ್ 11ರಂದು ಒಂದು ವ್ಯವಹಾರ ಅದನ್ನು ಕೆಣಕಿತು. ಹಳೆಯ ಆವೃತ್ತಿಯವರು ಒಂದು ದಾರಿ, ಹೊಸ ಆವೃತ್ತಿಯವರು ಇನ್ನೊಂದು ದಾರಿ ಹಿಡಿದರು. ಹಳೆಯ ಆವೃತ್ತಿಯನ್ನು ನೆಚ್ಚಿಕೊಂಡಿದ್ದ ಹಲವು ಸೇವೆಗಳು ಕೆಲ ಗಂಟೆ ನಿಂತವು.

ಎಲ್ಲ ಬ್ಲಾಕ್‌ಚೈನುಗಳೂ ಹೀಗಿಲ್ಲ. ಸಂಸ್ಥೆಗಳು ಬಳಸುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಲ್ಲಿ ಗ್ಯಾಸ್ ಇಲ್ಲ. ಪರಿಚಿತ ಸದಸ್ಯರಷ್ಟೇ ಇರುವುದರಿಂದ, ಗೊತ್ತುಮಾಡಿದ ಕೆಲವರು ಪ್ರೋಗ್ರಾಮನ್ನು ಓಡಿಸಿ, ಬಂದ ಉತ್ತರಗಳನ್ನು ತಾಳೆ ನೋಡುತ್ತಾರೆ. ವಿಮಾ ಕಂಪನಿ, ಬ್ಯಾಂಕು, ಕೃಷಿ ಇಲಾಖೆ ಮಾತ್ರ ಸದಸ್ಯರಾಗುವ ಕರಾರಿಗೆ ಇದೇ ಸಾಕು ಎಂದು ನನಗನ್ನಿಸುತ್ತದೆ. ಗುರುತಿಲ್ಲದವರ ನಡುವೆ ನಂಬಿಕೆ ಬೇಕಾದಾಗಲಷ್ಟೇ ಎಥೀರಿಯಂನ ಭಾರ ಹೊರಬೇಕು.

ಇನ್ನು ಯಂತ್ರದ ಕಣ್ಣಿಗೆ ಬೀಳದ ಸಂಗತಿಗಳಿವೆ. ಮಳೆಯ ಅಂಕಿಯನ್ನು ಹೊರಗಿನವರೇ ಕೊಡಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದು ನಮ್ಮ ಭಾಗ್ಯ. ಆದರೂ ಮಾಪಕ ಇರುವಲ್ಲಿ ಸುರಿದು ನಾಲ್ಕು ಹೊಲದಾಚೆ ಸುರಿಯದ ಮಳೆ ಇದ್ದೇ ಇದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಯನ್ನು ಒಣಗಿಸಿದ್ದು ನೆಟೆ ರೋಗ. ಮಳೆಯನ್ನಷ್ಟೇ ನೋಡುವ ಕರಾರು ಅಂಥ ವರ್ಷ ಒಂದು ರೂಪಾಯಿಯನ್ನೂ ಕೊಡುತ್ತಿರಲಿಲ್ಲ, ಅದೂ ಸಾವಿರ ಕಂಪ್ಯೂಟರುಗಳ ಪೂರ್ಣ ಒಪ್ಪಿಗೆಯೊಂದಿಗೆ. ಕರಾರು ಬರೆಯುವ ಕೋಣೆಯಲ್ಲಿ ತೊಗರಿ ಬೆಳೆದವರೊಬ್ಬರು ಇರಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಯಂತ್ರ ಇನ್ನೂ ಬದಲಾಗುತ್ತಿದೆ. 256 ಬಿಟ್ಟಿನ ಈ ವಿನ್ಯಾಸದ ಬದಲು ರಿಸ್ಕ್-ಫೈವ್ ಎಂಬ ಮುಕ್ತ ಚಿಪ್ ವಿನ್ಯಾಸಕ್ಕೇ ಹೋಗೋಣ ಎಂದು ಎಥೀರಿಯಂನ ಇನ್ನೊಬ್ಬ ಸ್ಥಾಪಕ ವಿಟಾಲಿಕ್ ಬುಟೆರಿನ್ 2025ರ ಏಪ್ರಿಲ್‌ನಲ್ಲಿ ಸಲಹೆ ಕೊಟ್ಟರು. ಹಾಗೆಂದು ಈಗಿನದನ್ನು ಕಲಿಯುವುದು ವ್ಯರ್ಥವಲ್ಲ. ಆದೇಶಗಳು ಸುಮಾರು 150, ನಿಯಮಗಳೂ ಪರೀಕ್ಷೆಗಳೂ ಎಲ್ಲರಿಗೂ ತೆರೆದಿವೆ. ಕಲಬುರಗಿಯ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ತಮ್ಮ ಲ್ಯಾಪ್‌ಟಾಪಿನಲ್ಲೇ ಒಂದನ್ನು ಕಟ್ಟಬಹುದು. ಕೂಡುವುದು, ಗುಣಿಸುವುದು ಬೇಗ ಕೈಗೂಡುತ್ತದೆ. ಮೊದಲು ಎಡವುವುದು ನೆಗೆತದಲ್ಲಿ. 91 ಎಂಬ ಬೈಟ್ ಇರುವಲ್ಲಿಗೆ ಮಾತ್ರ ನೆಗೆಯಬಹುದು; ಆದರೆ ಸ್ಟ್ಯಾಕಿಗೆ ಪೇರಿಸಲು ಇಟ್ಟ ಸಂಖ್ಯೆಯೇ 91 ಆಗಿದ್ದರೆ ಅಲ್ಲಿ ನೆಗೆಯಕೂಡದು. ಅದಕ್ಕಾಗಿ ಕೋಡನ್ನು ಮೊದಲೇ ತಲೆಯಿಂದ ತುದಿಯವರೆಗೆ ಒಮ್ಮೆ ಓದಿ, ಯಾವ ಬೈಟ್ ಆದೇಶ, ಯಾವುದು ಬರೇ ಸಂಖ್ಯೆ ಎಂದು ಗುರುತು ಹಾಕಿಕೊಳ್ಳಬೇಕು.